ದೂರದ ಗೆಳೆತನ: ಒಂದು ವಿಚಾರ

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳು ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಈ ಮೂರು ತಾಲ್ಲೂಕುಗಳ ಮೂಲೆಮೂಲೆಗಳಲ್ಲಿ ಸಂಸಾರವನ್ನು ನಡೆಸಿಕೊಂಡಿದ್ದಾರೆ. ಕೆಲವರು ಬೆಂಗಳೂರಿಗೂ ಅದರಾಚೆಗೂ ಹೋಗಿದ್ದಾರೆ. ಒಂದೇ ಬೆಂಚಿನಲ್ಲಿ ಕುಳಿತು ಓದಿದವರು ಹತ್ತಿಪ್ಪತ್ತು ವರ್ಷಗಳ ಕಾಲ ಒಬ್ಬರ ಮುಖವನ್ನೊಬ್ಬರು ಕಾಣದೆ ಇದ್ದು, ಈಚೆಗೆ ಮೊಬೈಲಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಮರಳಿ ಕೂಡಿಕೊಂಡಿದ್ದಾರೆ. ಅಂಥ ಎರಡು ಗುಂಪುಗಳಲ್ಲಿ ನಮ್ಮನ್ನೂ ಪ್ರೀತಿಯಿಂದ ಸೇರಿಸಿಕೊಂಡಿರುವರು. ನಾವು ಸೇರಿದ ದಿವಸ ಎಲ್ಲರೂ ಕಾಗುಣಿತವನ್ನು ತಿದ್ದಿಕೊಂಡು ಬರೆದರು; ಮೂರನೆಯ ದಿವಸಕ್ಕೆ ಮರೆತುಬಿಟ್ಟರು. ಅದರಿಂದ ನಮಗೆ ಸಂತೋಷವೇ ಆಯಿತು.

ಆದರೆ ಪೋಷಕರಲ್ಲಿಯೂ ಅತ್ತೆಮಾವಂದಿರಲ್ಲಿಯೂ ಕೆಲವರಿಗೆ ಈ ಸಹವಾಸವು ಹಿಡಿಸಿದಂತಿಲ್ಲ. ಹಳೆಯ ವಿದ್ಯಾರ್ಥಿನಿಯೊಬ್ಬಳ ಅತ್ತೆಯವರು ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಿದ್ದಾಗ, "ಒಲೆಯ ಮೇಲೆ ಹಾಲಿಟ್ಟು ಮೊಬೈಲು ನೋಡಿಕೊಂಡು ನಗುತ್ತಾ ನಿಂತಿರ್ತಾಳೆ, ಟೀಚರೇ. ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ. ನೀವು ಕಲಿಸಿದ್ದು ಇದನ್ನೇ ಏನು?" ಎಂದು ಕೇಳಿದರು. ಹಾಲು ಉಕ್ಕಿದ್ದು ತಪ್ಪೇ ಸರಿ. ನಗುವು ಎಂಥದು, ಅದು ಎಲ್ಲಿಂದ ಬಂದಿತು, ಅದರಿಂದ ಮನೆಗೆ ನಷ್ಟವೋ ಲಾಭವೋ ಎಂಬುದು ಮಾತ್ರ ಒಂದು ಮಾತಿನಲ್ಲಿ ತೀರ್ಮಾನವಾಗತಕ್ಕ ಸಂಗತಿಯಲ್ಲ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಆ ವಿಷಯವನ್ನೇ ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕೆಂದು ನಾವು ಎಣಿಸಿದೆವು.

ಮೊದಲು ನಮ್ಮ ಸೀಮೆಯ ಸ್ವರೂಪವನ್ನು ನೆನಪಿಗೆ ತಂದುಕೊಳ್ಳಬೇಕು. ಬಯಲುಸೀಮೆಯಲ್ಲಿ ಊರೆಂದರೆ ಗೋಡೆಗೆ ಗೋಡೆ ತಾಗಿದ ಮನೆಗಳು; ಹಿತ್ತಲ ಬಾಗಿಲಲ್ಲಿ ನಿಂತು ಕರೆದರೆ ನಾಲ್ಕು ಮನೆಗಳಿಗೆ ಕೇಳಿಸುವುದು. ಮಲೆನಾಡಿನಲ್ಲಿ ಹಾಗಲ್ಲ. ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡದ ಆಚೆಯ ಮಗ್ಗುಲಲ್ಲಿ ಇನ್ನೊಂದು ಮನೆ, ನಡುವೆ ಹಳ್ಳ, ಹಳ್ಳಕ್ಕೊಂದು ಸಂಕ. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಸಂಕದ ಮೇಲೆ ಕಾಲಿಡಲು ಗಂಡಸರೂ ಹಿಂದುಮುಂದು ನೋಡುವರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯು ೭೦೦೦ ಮಿಲ್ಲಿಮೀಟರನ್ನು ಮೀರುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೆ ಹೆಚ್ಚು ಕಡಿಮೆ ಜೊತೆಯೇ. ಇಂಥ ಮಳೆಯಲ್ಲಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯು, ಗಂಡನು ತೋಟಕ್ಕೆ ಹೋದಮೇಲೆ, ಹಂಚಿನ ಮೇಲೆ ಸುರಿಯುವ ನೀರಿನ ಸದ್ದನ್ನು ಬಿಟ್ಟು ಬೇರೆ ಸದ್ದನ್ನು ಕೇಳದೆ ಎಷ್ಟು ಹೊತ್ತು ಇರುತ್ತಾಳೆಂಬುದನ್ನು ಅನುಭವಿಸಿದವರೇ ಬಲ್ಲರು.

ಇದರ ಮೇಲೆ ಶರಾವತಿಯ ಹಿನ್ನೀರು ಬೇರೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಮುಳುಗಿದವು. ಅಕ್ಕಪಕ್ಕದ ಮನೆಯವರು ಚೆದುರಿ ಬೇರೆ ಬೇರೆ ಕಡೆಗಳಲ್ಲಿ ನೆಲೆಯನ್ನು ಹುಡುಕಿಕೊಳ್ಳಬೇಕಾಯಿತು. ತುಮರಿಯ ಕಡೆಯವರು ಮುಳುಗದೆ ಉಳಿದರೂ, ಸಾಗರದ ಪೇಟೆಗೆ ಬರಬೇಕಾದರೆ ಲಾಂಚನ್ನು ಕಾಯುವಂತಾಯಿತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿಯೆಲ್ಲ ಈಚೆಯ ದಡದಲ್ಲಿಯೇ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆಯು ೨೦೨೫ನೆಯ ಇಸವಿ ಜುಲೈ ೧೪ರಂದು ಸಂಚಾರಕ್ಕೆ ತೆರೆಯಿತಷ್ಟೆ. ನಡುವಣ ಅರವತ್ತು ವರ್ಷಗಳಲ್ಲಿ ಆಚೆ ದಡಕ್ಕೆ ಕೊಟ್ಟ ಹೆಣ್ಣುಮಕ್ಕಳು ಈಚೆ ದಡದ ಗೆಳತಿಯರನ್ನು ಎಷ್ಟು ಸಲ ಕಂಡಿದ್ದಾರು?

ಹಾಗಾದರೆ ನಮ್ಮ ಅಜ್ಜಿಯರೂ ತಾಯಂದಿರೂ ಮನಸ್ಸಿನ ಭಾರವನ್ನು ಎಲ್ಲಿ ಇಳಿಸುತ್ತಿದ್ದರು? ಅವರಿಗೂ ಒಂದು ಸ್ಥಳವಿತ್ತು. ಅದು ಅಡಿಕೆ ಸುಲಿಯುವ ಅಂಗಳ. ಕೊನೆ ಕೊಯ್ಲು ಆರಂಭವಾಯಿತೆಂದರೆ ನೆರೆಹೊರೆಯ ಹೆಂಗಸರು ತಮ್ಮ ತಮ್ಮ ಮೆಟ್ಟುಗತ್ತಿಯನ್ನು ಹಿಡಿದುಕೊಂಡು ಬಂದು ಸಾಲಾಗಿ ಕೂರುವರು. ಕೈ ಸುಲಿಯುತ್ತಿರುವುದು, ಬಾಯಿ ಆಡುತ್ತಿರುವುದು. ರಾತ್ರಿ ಬಹಳ ಹೊತ್ತಿನವರೆಗೂ ಕೆಲಸ. ಕತ್ತಿಯ ಮೇಲೆ ಕಣ್ಣಿರಲೇಬೇಕಾದುದರಿಂದ ಒಬ್ಬರ ಮುಖವನ್ನೊಬ್ಬರು ನೋಡುವಂತಿಲ್ಲ. ಹೀಗಾಗಿ ಎದುರೆದುರು ಹೇಳಲಾರದ ಮಾತು ಅಲ್ಲಿ ಹೊರಬೀಳುತ್ತಿತ್ತು. ಒಬ್ಬಳು ಕಣ್ಣೊರೆಸಿಕೊಂಡರೆ ಇನ್ನೊಬ್ಬಳು ಏನಾದರೂ ಹಾಸ್ಯವನ್ನು ಹೇಳುವಳು. ಈಗ ಎಷ್ಟೋ ಮನೆಗಳಲ್ಲಿ ಅಡಿಕೆ ಸುಲಿಯುವ ಯಂತ್ರ ಬಂದಿದೆ. ಕೆಲಸವು ಬೇಗ ಮುಗಿಯುತ್ತದೆ. ಆದರೆ ಯಂತ್ರದ ಸದ್ದಿನಲ್ಲಿ ಯಾರೂ ಯಾರಿಗೂ ಏನನ್ನೂ ಹೇಳಲಾರರು. ಯಂತ್ರವನ್ನು ನಾವು ಹಳಿಯುವುದಿಲ್ಲ. ಬೆರಳು ಕೊಯ್ದುಕೊಂಡವರಿಗೆ ಅದರ ಉಪಕಾರ ಚೆನ್ನಾಗಿ ಗೊತ್ತು. ಯಂತ್ರದೊಡನೆ ಒಂದು ಕೂಟವು ಹೋಯಿತೆಂಬುದನ್ನಷ್ಟೇ ಹೇಳುತ್ತೇವೆ.

ಹೆಂಗಸರು ಕೆಲಸದ ನಡುವೆ ಹೇಳಿಕೊಂಡ ಕಷ್ಟವು ವ್ಯರ್ಥವಾಗಿ ಹೋಗುವುದಿಲ್ಲವೆಂಬುದಕ್ಕೆ ನಮ್ಮ ತೀರ್ಥಹಳ್ಳಿಯೇ ಸಾಕ್ಷಿ. ೧೯೧೭ರಲ್ಲಿ ಅಲ್ಲಿ ಜನಿಸಿದ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯು ೧೯೭೬ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿಯೇ ವಿಧವೆಯಾದ ಆ ಹೆಂಗಸು ನಿಜವಾಗಿ ಬದುಕಿದ್ದವರು. ಆಕೆ ತನ್ನ ಕಥೆಯನ್ನು ಲೇಖಕಿಯ ತಾಯಿಗೆ ಹೇಳಿದರು. ತಾಯಿ ಮಗಳಿಗೆ ಹೇಳಿದರು. ಮಗಳು ಲೋಕಕ್ಕೆ ಹೇಳಿದರು. ಒಂದು ಬಾಯಿಂದ ಇನ್ನೊಂದು ಕಿವಿಗೆ, ಅಲ್ಲಿಂದ ಮತ್ತೊಂದಕ್ಕೆ ಬಂದ ಕಷ್ಟ ಅದು. ಮೊದಲನೆಯವಳು ನುಂಗಿಕೊಂಡಿದ್ದರೆ ಕನ್ನಡಕ್ಕೆ ಆ ಪುಸ್ತಕವಿರುತ್ತಿರಲಿಲ್ಲ.

ದೂರ ಹೋದವರಿಗೆ ಅಂಚೆಯಿತ್ತು. ೧೮೭೯ರಲ್ಲಿ ಹಿಂದೂ ದೇಶದಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂದಿತು; ೧೯೫೦ರಲ್ಲಿ ಇನ್‌ಲ್ಯಾಂಡ್ ಪತ್ರ ಬಂದಿತು. ಕಾರ್ಡನ್ನು ಅಂಚೆಯ ಪೇದೆಯಿಂದ ಹಿಡಿದು ಮನೆಯ ಯಜಮಾನರವರೆಗೆ ಎಲ್ಲರೂ ಓದುವರಾದುದರಿಂದ ಅದರಲ್ಲಿ "ಇಲ್ಲಿ ಎಲ್ಲರೂ ಕ್ಷೇಮ" ಎಂಬುದನ್ನು ಬಿಟ್ಟು ಹೆಚ್ಚೇನೂ ಬರೆಯುವಂತಿರಲಿಲ್ಲ. ಮಡಿಸಿ ಅಂಟಿಸುವ ಇನ್‌ಲ್ಯಾಂಡ್ ಪತ್ರವು ಆ ಮಟ್ಟಿಗೆ ಹೆಂಗಸರಿಗೆ ದೊಡ್ಡ ಉಪಕಾರವನ್ನೇ ಮಾಡಿತು. ೨೦೧೩ರ ಜುಲೈಯಲ್ಲಿ ನಿಂತುಹೋದ ತಂತಿಯ ವಿಷಯವನ್ನು ಹೇಳುವುದೇ ಬೇಡ. ತಂತಿ ಬಂತೆಂದರೆ ಒಡೆದು ಓದುವುದಕ್ಕೆ ಮೊದಲೇ ಅಳುವವರಿದ್ದರು.

ಇನ್ನು ನಮ್ಮ ದೇಶದಿಂದ ಬಹು ದೂರದ ಒಂದು ದೃಷ್ಟಾಂತವನ್ನು ಹೇಳಬೇಕಾಗಿದೆ. ಇದು ಅಂಚೆಯ ಕಥೆಯೇ. ಆದರೆ ಈಗಿನ ಮೊಬೈಲಿನ ಗುಂಪುಗಳಿಗೆ ಇಷ್ಟು ಹತ್ತಿರವಾದ ಇನ್ನೊಂದು ಉದಾಹರಣೆಯನ್ನು ನಾವು ಓದಿಲ್ಲ. ೧೯೩೫ರಲ್ಲಿ ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಎಳೆಯ ಮಕ್ಕಳೊಡನೆ ಒಂಟಿಯಾಗಿದ್ದ ಒಬ್ಬ ತಾಯಿಯು ಇಂಗ್ಲೆಂಡಿನ 'ನರ್ಸರಿ ವರ್ಲ್ಡ್' ಎಂಬ ಪತ್ರಿಕೆಗೆ ಕಾಗದ ಬರೆದಳು. ಹತ್ತಿರ ನೆರೆಯವರಿಲ್ಲ, ರೇಡಿಯೋ ಕೊಳ್ಳಲು ಹಣವಿಲ್ಲ, ಓದಲು ಪುಸ್ತಕ ಭಂಡಾರವಿಲ್ಲ, ಮನಸ್ಸು ಕೊರಗುತ್ತಿದೆ, ಯಾವ ತಾಯಿಯಾದರೂ ಒಂದು ಉಪಾಯವನ್ನು ಸೂಚಿಸುವಳೇ ಎಂಬುದು ಆ ಕಾಗದದ ತಾತ್ಪರ್ಯ. ಆಕೆ ತನ್ನ ಹೆಸರನ್ನು ಹಾಕದೆ, ಲ್ಯಾಟಿನ್ ಭಾಷೆಯಲ್ಲಿ 'ಎಲ್ಲೆಡೆಯೂ' ಎಂಬ ಅರ್ಥವುಳ್ಳ 'ಯುಬಿಕ್ವಿ' ಎಂಬ ಗುಪ್ತನಾಮವನ್ನು ಹಾಕಿದ್ದಳು. ಎಲ್ಲಿಗೂ ಹೋಗಲಾರದವಳು ಆರಿಸಿಕೊಂಡ ಹೆಸರು ಅದು! ಆ ದುಃಖದಲ್ಲಿಯೂ ಆಕೆಗೆ ಹಾಸ್ಯವು ಬಿಟ್ಟುಹೋಗಿರಲಿಲ್ಲವೆಂದೇ ನಮ್ಮ ಊಹೆ.

ಬೇರೆ ಬೇರೆ ಊರುಗಳ ತಾಯಂದಿರು ಉತ್ತರ ಬರೆದರು. ಅವರೆಲ್ಲ ಕೂಡಿ ಒಂದು ಖಾಸಗಿ ಪತ್ರಿಕೆಯನ್ನೇ ಹೊರಡಿಸಿದರು. ಅದು ಅಚ್ಚಾದದ್ದಲ್ಲ. ಪ್ರತಿಯೊಬ್ಬಳೂ ತನ್ನ ಬರಹವನ್ನು ಸಂಪಾದಕಿಗೆ ಕಳುಹಿಸುವಳು. ಸಂಪಾದಕಿಯು ಎಲ್ಲವನ್ನೂ ಒಟ್ಟುಗೂಡಿಸಿ, ಕಸೂತಿ ಹಾಕಿದ ನಾರುಬಟ್ಟೆಯ ರಟ್ಟಿನಲ್ಲಿ ಕಟ್ಟಿ, ಪಟ್ಟಿಯಲ್ಲಿ ಮೊದಲಿನವಳಿಗೆ ಅಂಚೆಯಲ್ಲಿ ಕಳುಹಿಸುವಳು. ಆಕೆ ಓದಿ, ಪುಟದ ಅಂಚಿನಲ್ಲಿ ತನಗೆ ತೋಚಿದ್ದನ್ನು ಬರೆದು, ಮುಂದಿನವಳಿಗೆ ದಾಟಿಸುವಳು. ಎಲ್ಲರಿಗೂ ಗುಪ್ತನಾಮಗಳು. ತಾಯಿಯಾದವಳಿಗೆ ಮಾತ್ರ ಪ್ರವೇಶ. ಮಕ್ಕಳ ಕೆಮ್ಮು, ಗಂಡನ ಸಿಡುಕು, ಯುದ್ಧಕಾಲದ ರೇಷನ್ನು, ಕೆಟ್ಟುಹೋದ ಸಂಸಾರ, ಸಾವು, ನಗೆಚಾಟಿಕೆ ಎಲ್ಲವೂ ಅದರಲ್ಲಿ ಬಂದವು. ಇದು ಒಂದೆರಡು ವರ್ಷದ ಹುಮ್ಮಸ್ಸಲ್ಲ; ೧೯೯೦ರವರೆಗೂ, ಎಂದರೆ ಐವತ್ತೈದು ವರ್ಷ ನಡೆಯಿತು. ಎಳೆಯ ತಾಯಂದಿರಾಗಿ ಸೇರಿದವರು ಅಜ್ಜಿಯರಾದರು. ಅವರ ಕಾಗದಪತ್ರಗಳು ಈಗ ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿವೆ; ಜೆನ್ನಾ ಬೇಯ್ಲಿ ಎಂಬವರು ೨೦೦೭ರಲ್ಲಿ ಅವುಗಳಿಂದ ಒಂದು ಪುಸ್ತಕವನ್ನು ಮಾಡಿದರು.

ಈ ಕಥೆಯಲ್ಲಿ ನಮ್ಮ ಗಮನವನ್ನು ಸೆಳೆದ ಸಂಗತಿಯೆಂದರೆ, ಆ ಹೆಂಗಸರು ಒಬ್ಬರಿಗೊಬ್ಬರು ದೊಡ್ಡ ಸಹಾಯವನ್ನೇನೂ ಮಾಡಲು ಶಕ್ತರಾಗಿರಲಿಲ್ಲವೆಂಬುದು. ಹಣವಿರಲಿಲ್ಲ, ಬಂದುಹೋಗಲು ಅನುಕೂಲವಿರಲಿಲ್ಲ. ಅವರು ಕೊಡಬಹುದಾಗಿದ್ದದ್ದು ಪುಟದ ಅಂಚಿನಲ್ಲಿ ಎರಡು ಸಾಲು. ಆ ಎರಡು ಸಾಲಿನ ಆಧಾರದ ಮೇಲೆ ಐವತ್ತೈದು ವರ್ಷ ಒಂದು ಸ್ನೇಹವು ನಿಂತಿತು.

ಈಗ ನಮ್ಮ ಗುಂಪುಗಳಿಗೆ ಬರೋಣ. ೨೦೨೦ರ ಮಾರ್ಚಿಯಲ್ಲಿ ಕೊರೋನಾದ ದೆಸೆಯಿಂದ ಶಾಲೆಗಳು ಮುಚ್ಚಿದುವಷ್ಟೆ. ಪಾಠಗಳು ಮೊಬೈಲಿಗೆ ಬಂದುವು. ಆದರೆ ಈ ಮೂರು ತಾಲ್ಲೂಕುಗಳ ಎಷ್ಟೋ ಊರುಗಳಿಗೆ ಮೊಬೈಲಿನ ಸಿಗ್ನಲ್ಲು ಬಂದಿರಲಿಲ್ಲ. ಮಕ್ಕಳು ಕೊಡೆಯನ್ನೂ ಪುಸ್ತಕವನ್ನೂ ಹಿಡಿದುಕೊಂಡು ಗುಡ್ಡ ಹತ್ತಿದರು. ನೆಟ್‌ವರ್ಕ್ ಕೊಡದಿದ್ದರೆ ಮತವನ್ನು ಹಾಕುವುದಿಲ್ಲವೆಂದು ಹಿರಿಯರು ಹಠ ಹಿಡಿದರು. ಮಕ್ಕಳ ಜೊತೆಗೆ ತಾಯಂದಿರೂ ಗುಡ್ಡ ಹತ್ತಬೇಕಾಗಿತ್ತು. ಮಗು ಪಾಠ ಕೇಳುವಷ್ಟು ಹೊತ್ತು ಬಂಡೆಯ ಮೇಲೆ ಕುಳಿತ ತಾಯಿಯು ತನ್ನ ಹಳೆಯ ಗೆಳತಿಯರನ್ನು ಹುಡುಕಿದಳು. ನಮ್ಮ ಎರಡು ಗುಂಪುಗಳಲ್ಲಿ ಒಂದು ಹುಟ್ಟಿದ್ದು ಹೀಗೆಯೇ. ಅದರ ಹೆಸರು ಇಂದಿಗೂ 'ಗುಡ್ಡದ ತುದಿ' ಎಂದೇ ಇದೆ.

ಅಲ್ಲಿ ಬರತಕ್ಕ ಕಷ್ಟಗಳು ಬಹುಮಟ್ಟಿಗೆ ಸಣ್ಣವು. ಮೂರು ದಿವಸದಿಂದ ಕರೆಂಟಿಲ್ಲ, ರುಬ್ಬುವ ಕಲ್ಲು ಅಟ್ಟದಲ್ಲಿದೆ, ಇಳಿಸುವವರಿಲ್ಲ. ಮಂಗಗಳು ಬಾಳೆಗೊನೆಯನ್ನು ಬಿಟ್ಟು ಈಗ ಅಡಿಗೆಮನೆಗೇ ಬಂದಿವೆ. ಹಪ್ಪಳ ಹಾಕಿದ ದಿವಸವೇ ಮಳೆ. ಮಗನು ಗಣಿತದಲ್ಲಿ ಹಿಂದೆ, ತಂದೆಯೂ ಹಿಂದೆಯೇ. ಅಡಿಕೆಗೆ ಕೊಳೆರೋಗ, ಬೋರ್ಡೋ ಔಷಧ ಹೊಡೆಯಲು ಮಳೆ ಎರಡು ಗಂಟೆಯೂ ಬಿಡುತ್ತಿಲ್ಲ. ಇವು ಓದುವವರಿಗೆ ಅಲ್ಪವಾಗಿ ತೋರಬಹುದು. ಆದರೆ ಒಬ್ಬಳ ಮೇಲೆ ಒಂದೇ ವಾರದಲ್ಲಿ ಇಂಥ ಎಂಟು ಬಿದ್ದರೆ ಅವು ಅಲ್ಪವಾಗಿ ಉಳಿಯುವುದಿಲ್ಲ. ದೊಡ್ಡ ಕಷ್ಟವು ಬಂದಾಗ ನೆಂಟರು ಬರುವರು, ಊರು ಸೇರುವುದು. ಸಣ್ಣ ಕಷ್ಟಕ್ಕೆ ಯಾರೂ ಬರುವುದಿಲ್ಲ. ಈ ಗೆಳತಿಯರ ಕೂಟವು ಅದಕ್ಕೆ ಬರುತ್ತದೆ. ಅದರ ಮುಖ್ಯ ಪ್ರಯೋಜನವು ಇದೇ ಎಂದು ನಮ್ಮ ಅಭಿಪ್ರಾಯ.

ಹಾಸ್ಯದ ವಿಷಯದಲ್ಲಿ ಒಂದೆರಡು ಮಾದರಿಗಳನ್ನು, ಅವರ ಅಪ್ಪಣೆಯನ್ನು ಪಡೆದು, ಇಲ್ಲಿ ಕೊಡುತ್ತೇವೆ. ಆಷಾಢದಲ್ಲಿ ಒಬ್ಬಳು, "ಹದಿನೈದು ದಿನದಿಂದ ಬಟ್ಟೆ ಒಣಗಿಲ್ಲ ಕಣ್ರೇ, ಅಳು ಬರ್ತಾ ಇದೆ" ಎಂದು ಬರೆದಳು. ಇನ್ನೊಬ್ಬಳು, "ನಮ್ಮಲ್ಲಿ ಒಲೆಯ ಮೇಲೆ ಹರವಿ ಒಣಗಿಸಿದ್ದೇನೆ ಮಾರಾಯ್ತಿ. ಆದರೆ ಇವರು ಆ ಅಂಗಿ ಹಾಕಿಕೊಂಡು ಸೊಸೈಟಿಗೆ ಹೋದರೆ, ಸುಟ್ಟ ಬದನೆಕಾಯಿ ಗೊಜ್ಜು ಎಲ್ಲಿ ಅಂತ ಜನ ಹುಡುಕುತ್ತಾರಂತೆ" ಎಂದು ಉತ್ತರಿಸಿದಳು. ಮತ್ತೊಂದು ಸಲ ಉಂಬಳದ ಮಾತು ಬಂದಿತು. (ಉಂಬಳವೆನ್ನಿರಿ, ಇಂಬಳವೆನ್ನಿರಿ, ರಕ್ತ ಹೀರುವುದರಲ್ಲಿ ಭೇದವಿಲ್ಲ.) ಹೊಸನಗರದ ಒಳಗಿನ ಊರಿನವಳು, "ನಮ್ಮ ಮನೆ ದಾರಿ ನೆಂಟರಿಗೆ ಗೊತ್ತಿಲ್ಲ, ಉಂಬಳಕ್ಕೆ ಮಾತ್ರ ಸರಿಯಾಗಿ ಗೊತ್ತು" ಎಂದಳು. ಆ ದಿವಸ ಗುಂಪೆಲ್ಲ ನಕ್ಕಿತು. ಆದರೆ ತೀರ್ಥಹಳ್ಳಿಯ ಒಬ್ಬ ಗೆಳತಿಯು ನಕ್ಕ ಮೇಲೆ ಆ ವಾಕ್ಯವನ್ನು ಇನ್ನೊಮ್ಮೆ ಓದಿದಳು. ಅದರ ಮೊದಲರ್ಧವು ಹಾಸ್ಯವಲ್ಲವೆಂದು ಅವಳಿಗೆ ಹೊಳೆಯಿತು. ಮುಂದಿನ ಭಾನುವಾರ ಇಬ್ಬರನ್ನು ಜೊತೆಗೆ ಕರೆದುಕೊಂಡು, ಬಸ್ಸಿಳಿದು ಮೂರು ಮೈಲಿ ನಡೆದು, ಆ ಮನೆಗೆ ಹೋಗಿಬಂದಳು. ಹಾಸ್ಯವನ್ನು ಹೀಗೆ ಓದಬೇಕು. ನಮ್ಮ ಹೆಣ್ಣುಮಕ್ಕಳು ದುಃಖವನ್ನು ನೇರವಾಗಿ ಹೇಳುವುದಕ್ಕೆ ನಾಚುತ್ತಾರೆ. ಅದಕ್ಕೆ ನಗೆಯ ಸೆರಗು ಹೊದಿಸಿ ಹೊರಗೆ ಕಳುಹಿಸುತ್ತಾರೆ.

ಕಷ್ಟವನ್ನು ಹೇಳಿಕೊಂಡವಳಿಗೆ ಹೇಗೆ ಉತ್ತರ ಕೊಡಬೇಕೆಂಬುದನ್ನು ಯಾವ ಪಾಠಪುಸ್ತಕದಲ್ಲಿಯೂ ಕಲಿಸಿಲ್ಲ. ನಾವೂ ತರಗತಿಯಲ್ಲಿ ಕಲಿಸಿದವರಲ್ಲ. ಆದರೆ ಈ ಗುಂಪುಗಳನ್ನು ಗಮನಿಸಿದಮೇಲೆ ಕೆಲವು ಸಂಗತಿಗಳು ಸ್ಪಷ್ಟವಾದುವು. "ನನ್ನ ಮಗುವಿಗೆ ರಾತ್ರಿಯೆಲ್ಲ ಕೆಮ್ಮು, ನಿದ್ರೆಯಿಲ್ಲ" ಎಂದು ಒಬ್ಬಳು ಬರೆದಾಗ, "ನಿನ್ನದೇನು, ನನ್ನ ಇಬ್ಬರಿಗೂ ಹದಿನೈದು ದಿನ" ಎಂದು ಬರೆಯುವವಳು ಕೆಟ್ಟ ಮನಸ್ಸಿನವಳಲ್ಲ. ಆದರೂ ಮೊದಲನೆಯವಳು ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತಾಳೆ. ಹೂವಿನ ಚಿತ್ರವನ್ನು ಹಾಕಿ 'ಎಲ್ಲವೂ ಒಳ್ಳೆಯದಾಗುವುದು' ಎಂದು ಬರೆಯುವುದು ಬಾಗಿಲಲ್ಲಿ ನಿಂತು ಕ್ಷೇಮ ಕೇಳಿ ಒಳಗೆ ಬಾರದೆ ಹೋದಂತೆ. "ಜ್ವರ ಇದೆಯಾ? ನೀನು ಊಟ ಮಾಡಿದ್ದೀಯಾ?" ಎಂದು ಕೇಳಿದ ಗೆಳತಿಯೇ ಒಳಗೆ ಬಂದವಳು. ಪ್ರಶ್ನೆಯು ಸಣ್ಣದಾಗಿ, ಉತ್ತರ ಹೇಳಲು ಸಾಧ್ಯವಾಗುವಂತೆ ಇರಬೇಕು. "ಹೇಗಿದ್ದೀಯೆ?" ಎಂದರೆ ಯಾರೇ ಆಗಲಿ "ಚೆನ್ನಾಗಿದ್ದೇನೆ" ಎನ್ನುವರು.

ಇನ್ನು, ಬೇರೆಲ್ಲಿಂದಲೋ ಬಂದದ್ದನ್ನು ಹಾಗೆಯೇ ದಾಟಿಸುವ ಪದ್ಧತಿ. ಇದರ ಹಾವಳಿಯು ಎಷ್ಟಾಯಿತೆಂದರೆ, ವಾಟ್ಸ್ಯಾಪಿನವರು ೨೦೧೮ರಲ್ಲಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸದಂತೆ ಕಟ್ಟು ಮಾಡಬೇಕಾಯಿತು. ಸುಪ್ರಭಾತದ ಚಿತ್ರಗಳಿಂದ ಕೆಡುಕೇನೂ ಇಲ್ಲ, ಬೇಸರವಷ್ಟೆ. ಔಷಧದ ಸಂದೇಶಗಳಿಂದ ಕೆಡುಕುಂಟು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ೨೦೧೮ರ ಕೊನೆಯಲ್ಲಿಯೂ ೨೦೧೯ರಲ್ಲಿಯೂ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಎಷ್ಟು ದುಃಖವನ್ನು ತಂದಿತೆಂಬುದು ನಮಗೆಲ್ಲ ತಿಳಿದಿದೆ. ಅದು ಕಾಡಿನ ಉಣ್ಣೆ ಕಚ್ಚುವುದರಿಂದ ತಗಲುವ ರೋಗ. ಕಾಡಂಚಿನ ಮನೆಯಲ್ಲಿ, ವಿಶೇಷವಾಗಿ ಬೇಸಗೆಯ ಮುಂಚಿನ ತಿಂಗಳುಗಳಲ್ಲಿ, ಜೋರು ಜ್ವರ ಬಂದವಳಿಗೆ ಕಷಾಯದ ಸಂದೇಶವನ್ನು ದಾಟಿಸುವುದು ಸ್ನೇಹವಲ್ಲ. "ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗು, ಮಕ್ಕಳನ್ನು ನಮ್ಮ ಮನೆಗೆ ಬಿಡು" ಎನ್ನುವುದು ಸ್ನೇಹ.

ಈ ಕೂಟಕ್ಕೆ ಒಂದು ದೊಡ್ಡ ಕೊರತೆಯುಂಟು, ಅದನ್ನು ಮರೆಮಾಚಲಾಗದು. ಅಡಿಕೆ ಸುಲಿಯುವ ಅಂಗಳದಲ್ಲಿ ಒಬ್ಬಳು ಬಾರದಿದ್ದರೆ ಅವಳ ಸ್ಥಳವು ಖಾಲಿಯಾಗಿ ಕಾಣುತ್ತಿತ್ತು. ಮೊಬೈಲಿನಲ್ಲಿ ಖಾಲಿ ಸ್ಥಳವೆಂಬುದು ಕಾಣುವುದಿಲ್ಲ. ಮಾತನಾಡುವವರ ಮಾತಷ್ಟೇ ಕಾಣುವುದು. ಸುಮ್ಮನಾದವಳು ಇಲ್ಲವೇ ಆಗಿಬಿಡುವಳು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು (ಊರನ್ನೂ ವರ್ಷವನ್ನೂ ಹೇಳುವುದಿಲ್ಲ) ದಿವಸವೂ ಏನಾದರೊಂದನ್ನು ಬರೆಯುವವಳು. ಕೊಟ್ಟಿಗೆಯ ಕರು, ಕೆಸುವಿನ ಪತ್ರೊಡೆ, ಮಾವನ ಗೊರಕೆ, ಯಾವುದೂ ಅವಳ ಕೈಯಲ್ಲಿ ಹಾಸ್ಯವಾಗದೆ ಉಳಿಯುತ್ತಿರಲಿಲ್ಲ. ಎರಡನೆಯ ಹೆರಿಗೆಯಾಯಿತು, ಎಲ್ಲರೂ ಶುಭಾಶಯವನ್ನು ಕಳುಹಿಸಿದರು, ಅವಳು ಒಂದು ಸಲ ಕೈಮುಗಿಯುವ ಚಿತ್ರವನ್ನು ಹಾಕಿದಳು. ಆಮೇಲೆ ಮಾತಿಲ್ಲ. ಮಳೆಗಾಲ, ಸಿಗ್ನಲ್ಲು ಹೋಗಿರಬೇಕೆಂದು ಎಲ್ಲರೂ ಎಣಿಸಿದರು. ಬಾಣಂತಿಗೆ ಬಿಡುವೆಲ್ಲಿ ಎಂದು ಎಣಿಸಿದವರೂ ಉಂಟು. ಹೀಗೆ ಮೂರು ವಾರ ಕಳೆದುವು. ಶಾಲೆಯಲ್ಲಿದ್ದಾಗ ಅವಳ ಪಕ್ಕದಲ್ಲಿ ಕೂರುತ್ತಿದ್ದ, ಸ್ವಭಾವತಃ ಮಾತು ಕಡಿಮೆಯಾದ ಒಬ್ಬಳು ಗುಂಪಿನಲ್ಲಿ ಏನನ್ನೂ ಬರೆಯದೆ ನೇರವಾಗಿ ಫೋನು ಮಾಡಿದಳು. ಅತ್ತ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಬಳಿಕ, "ಮಗು ಅಳುತ್ತೆ ಕಣೇ, ಎತ್ತಿಕೊಳ್ಳಬೇಕು ಅಂತ ಅನ್ನಿಸುವುದೇ ಇಲ್ಲ. ಎಲ್ಲರೂ ನನ್ನಿಂದ ದೂರ ಇದ್ದರೆ ಅವರಿಗೇ ಒಳ್ಳೆಯದು ಅನ್ನಿಸುತ್ತೆ" ಎಂದಳಂತೆ.

ಆ ಗೆಳತಿಯು ಬುದ್ಧಿಯನ್ನು ಹೇಳಲಿಲ್ಲ. ಚಿನ್ನದಂಥ ಮಗುವನ್ನು ಪಡೆದು ಹೀಗೆನ್ನಬಹುದೇ ಎಂದೂ ಕೇಳಲಿಲ್ಲ. "ಫೋನು ಇಡಬೇಡ" ಎಂದಷ್ಟೇ ಹೇಳಿ, ಗಂಡನ ಮೊಬೈಲಿನಿಂದ ಅವಳ ತವರಿನ ಅಣ್ಣನಿಗೆ ಸುದ್ದಿಯನ್ನು ಮುಟ್ಟಿಸಿ, ತಾನೂ ಮೊದಲ ಬಸ್ಸಿಗೆ ಹೊರಟಳು. ವೈದ್ಯರನ್ನು ಕಂಡದ್ದಾಯಿತು. ಹೆರಿಗೆಯ ನಂತರ ಕೆಲವರಿಗೆ ಬರುವ ಮನಸ್ಸಿನ ಕಾಯಿಲೆ ಅದು, ಅದಕ್ಕೆ ಚಿಕಿತ್ಸೆಯುಂಟು, ತಾಯಿಯ ತಪ್ಪಾಗಲಿ ಸೋಮಾರಿತನವಾಗಲಿ ಅದರಲ್ಲಿ ಏನೂ ಇಲ್ಲ. ಹಿಂದಿನ ಕಾಲದಲ್ಲಿ ಇದಕ್ಕೆ ಗಾಳಿ ಸೋಕಿದ್ದೆಂದು ಹೆಸರಿಟ್ಟು ಏನೇನೋ ಮಾಡುತ್ತಿದ್ದರು. ಈ ಹುಡುಗಿಯು ಐದಾರು ತಿಂಗಳಲ್ಲಿ ಗುಣಮುಖಳಾದಳು. ಮರಳಿ ಗುಂಪಿಗೆ ಬಂದ ದಿವಸ ಅವಳು ಬರೆದದ್ದು ಮಾವನ ಗೊರಕೆಯ ವಿಷಯವನ್ನೇ. ಇದನ್ನು ಈ ಸಂಚಿಕೆಯಲ್ಲಿ ಬರೆಯಬೇಕೆಂದು ನಮ್ಮನ್ನು ಕೇಳಿಕೊಂಡವಳೂ ಅವಳೇ.

ತರುವಾಯ ಆ ಗುಂಪಿನವರು ತಮ್ಮೊಳಗೆ ಒಂದು ಏರ್ಪಾಡನ್ನು ಮಾಡಿಕೊಂಡಿದ್ದಾರೆ. ಅರವತ್ತೆರಡು ಜನರಿರುವ ಗುಂಪು ಎಲ್ಲರನ್ನೂ ನೋಡಿಕೊಳ್ಳಲಾರದು. ಮನುಷ್ಯನೊಬ್ಬನು ಸುಮಾರು ೧೫೦ ಜನರ ಪರಿಚಯವನ್ನು ಕಾಪಾಡಿಕೊಳ್ಳಬಲ್ಲನೆಂದೂ, ಆದರೆ ಕಷ್ಟಕಾಲದಲ್ಲಿ ಒರಗಿಕೊಳ್ಳತಕ್ಕ ಆಪ್ತರು ಸುಮಾರು ಐದೇ ಜನರೆಂದೂ ಇಂಗ್ಲೆಂಡಿನ ರಾಬಿನ್ ಡನ್‌ಬಾರ್ ಎಂಬ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಲೆಕ್ಕವು ಅಂಕೆಗೆ ಅಂಕೆ ಸರಿಯೋ ಎಂದು ವಾದಿಸುವವರು ವಾದಿಸಲಿ; ತಾತ್ಪರ್ಯವು ನಮ್ಮ ಅನುಭವಕ್ಕೆ ಒಪ್ಪುತ್ತದೆ. ಆದುದರಿಂದ ಅವರು ಐದೈದು ಜನರಾಗಿ, ಶಾಲೆಯಲ್ಲಿ ಕೂರುತ್ತಿದ್ದ ಬೆಂಚಿನ ಪ್ರಕಾರವೇ, ಹಂಚಿಕೊಂಡಿದ್ದಾರೆ. ತನ್ನ ಬೆಂಚಿನವಳು ಒಂದು ವಾರ ಸುಮ್ಮನಾದರೆ ಉಳಿದ ನಾಲ್ವರಲ್ಲಿ ಒಬ್ಬಳು ಫೋನು ಮಾಡತಕ್ಕದ್ದು, ಸಂದೇಶವಲ್ಲ, ಫೋನು. ಇಬ್ಬರು ತಾವು ಹಿಂದಿನ ಬೆಂಚಿನಲ್ಲಿ ಕೂರುತ್ತಿರಲಿಲ್ಲವೆಂದು ಇಂದಿಗೂ ವಾದಿಸುತ್ತಿರುವರು. ಹಾಜರಿ ಪುಸ್ತಕವು ನಮ್ಮ ಹತ್ತಿರವಿಲ್ಲವಾದರೂ ನೆನಪು ಚೆನ್ನಾಗಿಯೇ ಇದೆ.

ಗೆಳತಿಯರ ಶಕ್ತಿಗೆ ಮೀರಿದ ಸಂದರ್ಭಗಳಿಗಾಗಿ ಒಂದು ಸಂಖ್ಯೆಯನ್ನು ಪ್ರತಿಯೊಬ್ಬರೂ ಬರೆದಿಟ್ಟುಕೊಳ್ಳಬೇಕು. ಸರ್ಕಾರದವರು ೨೦೨೨ರ ಅಕ್ಟೋಬರ್ ೧೦ರಂದು ಆರಂಭಿಸಿದ 'ಟೆಲಿ ಮನಸ್' ಎಂಬ ಸಹಾಯವಾಣಿಯ ಸಂಖ್ಯೆ ೧೪೪೧೬. ಹಗಲುರಾತ್ರಿ ಎನ್ನದೆ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯೊಳಗಿನ ಹೊಡೆತಬಡಿತಕ್ಕೆ ಸಿಕ್ಕಿದ ಹೆಂಗಸರಿಗೆ ೧೮೧ ಎಂಬ ಸಂಖ್ಯೆಯಿದೆ. ಇವುಗಳನ್ನು ಮೊಬೈಲಿನಲ್ಲಿ ಮಾತ್ರವಲ್ಲದೆ ಅಡಿಗೆಮನೆಯ ಡಬ್ಬಿಯ ಮುಚ್ಚಳದ ಒಳಗೂ ಬರೆದಿಡುವುದು ಒಳ್ಳೆಯದು. ಮೊಬೈಲನ್ನು ಕಿತ್ತುಕೊಳ್ಳುವ ಮನೆಗಳೂ ಉಂಟು.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮಗಳ ಅಥವಾ ಸೊಸೆಯ ಮೊಬೈಲನ್ನು ತೆಗೆದು ಓದುವ ಅಭ್ಯಾಸವು ಕೆಲವು ಮನೆಗಳಲ್ಲಿದೆ. ಹಲವು ಮನೆಗಳಲ್ಲಿ ಗಂಡಹೆಂಡಿರಿಗೆ ಒಂದೇ ಮೊಬೈಲು. ಓದಿದ ಹಿರಿಯರಿಗೆ, "ನಮ್ಮ ಮನೆಯ ಮಾತು ಹೊರಗೆ ಹೋಯಿತಲ್ಲಾ" ಎಂದು ಕೋಪ ಬರುವುದು ಸಹಜ. ಆದರೆ ಐರ್ಲೆಂಡಿನ ಆ ತಾಯಿಯು ಗುಪ್ತನಾಮವನ್ನು ಏಕೆ ಇಟ್ಟುಕೊಂಡಳೆಂದು ಒಂದು ಕ್ಷಣ ಯೋಚಿಸಬೇಕು. ಇನ್‌ಲ್ಯಾಂಡ್ ಪತ್ರವನ್ನು ಒಡೆಯದೆ ಸೊಸೆಯ ಕೈಗೆ ಕೊಡುತ್ತಿದ್ದ ಅತ್ತೆಯಂದಿರು ನಮ್ಮ ಊರುಗಳಲ್ಲಿಯೇ ಇದ್ದರು. ಅಂಥವರನ್ನು ಸೊಸೆಯಂದಿರು ಮುದುಕಿಯರಾದ ಮೇಲೆಯೂ ನೆನೆಯುತ್ತಾರೆ. ಹಾಗೆಯೇ, ಗುಂಪಿನಲ್ಲಿ ಕೇಳಿದ ಗೆಳತಿಯ ಕಷ್ಟವನ್ನು ಇನ್ನೊಂದು ಗುಂಪಿಗೆ ದಾಟಿಸುವವಳನ್ನು ಏನೆಂದು ಕರೆಯಬೇಕೋ ತಿಳಿಯದು. ನಮ್ಮ ಶಾಲೆಯಲ್ಲಿ ಅಂಥವಳಿರಲಾರಳೆಂದು ಹೇಳುವಷ್ಟು ಧೈರ್ಯ ನಮಗಿಲ್ಲ. ಇದ್ದರೆ ಇದನ್ನು ಓದುತ್ತಿರುವಳು.

ಮೊಬೈಲೇ ಇಲ್ಲದವರ, ಇದ್ದರೂ ಸಿಗ್ನಲ್ಲು ಮುಟ್ಟದವರ ಮಾತೊಂದು ಉಳಿದಿದೆ. 'ಗುಡ್ಡದ ತುದಿ'ಯವರ ತರಗತಿಯಲ್ಲಿ ಓದಿದವರ ಪೈಕಿ ಅಂಥವರು ನಾಲ್ವರು. ಕಳೆದ ದೀಪಾವಳಿಯಿಂದ ಗುಂಪಿನ ಒಬ್ಬಳು, ಗುಟ್ಟಿನ ಮಾತುಗಳನ್ನು ಬಿಟ್ಟು, ತಿಂಗಳ ನಗೆಮಾತುಗಳನ್ನೂ ಸುದ್ದಿಗಳನ್ನೂ ಕೈಯಿಂದ ಬರೆದು ಆ ನಾಲ್ವರಿಗೂ ಅಂಚೆಯಲ್ಲಿ ಕಳುಹಿಸುತ್ತಿದ್ದಾಳೆ. ಅಕ್ಷರವು ಶಾಲೆಯಲ್ಲಿದ್ದಾಗಿನದಕ್ಕಿಂತ ಚೆನ್ನಾಗಿದೆ. ನಾಲ್ವರಲ್ಲಿ ಇಬ್ಬರು ಉತ್ತರ ಬರೆದಿದ್ದಾರೆ. ಒಬ್ಬಳು ನಾಲ್ಕು ಪುಟ. ಇನ್ನೊಬ್ಬಳದು ಒಂದು ಕಾರ್ಡು: "ಮಾವನವರ ಗೊರಕೆಯ ಸುದ್ದಿ ಓದಿ ನಮ್ಮ ಅತ್ತೆಯೂ ನಕ್ಕರು. ಮುಂದಿನ ಸಲ ಯಾರ ಕೊಟ್ಟಿಗೆಯಲ್ಲಿ ಯಾವ ಹಸು ಕರು ಹಾಕಿತು ಬರಿ. ಅತ್ತೆ ಕೇಳುತ್ತಾ ಇದ್ದಾರೆ."